ಉತ್ತರಕಥೆಯ ಹೊಣೆ: ಮಾನ್ಯಖೇಟದ ಪುರಾಣ ಪರಂಪರೆಯ ಹಿನ್ನೆಲೆಯಲ್ಲಿ ಮೂಲಕಥೆಯ ಅರ್ಥಹಾನಿಯ ವಿಚಾರ

1. ವಿಷಯ ಪ್ರವೇಶ

ಕನ್ನಡದಲ್ಲಿ ‘ಉತ್ತರ’ ಎಂಬ ಪದ ದಿಕ್ಕನ್ನು ಸೂಚಿಸುತ್ತದೆ. ನಂತರ ಬರುವುದನ್ನು ಸೂಚಿಸುತ್ತದೆ. ಕೇಳಿದ ಪ್ರಶ್ನೆಗೆ ಕೊಡುವ ಮರುಮಾತನ್ನೂ ಸೂಚಿಸುತ್ತದೆ. ಉತ್ತರಕಾಂಡ, ಉತ್ತರಪುರಾಣ, ಉತ್ತರರಾಮಚರಿತ ಮೊದಲಾದ ಹೆಸರುಗಳಲ್ಲಿ ಎರಡನೆಯ ಅರ್ಥವೇ ವಾಚ್ಯವಾದುದು. ಆದರೆ ಇಂತಹ ಕೃತಿಗಳನ್ನು ಗಮನವಿಟ್ಟು ಓದಿದರೆ ಮೂರನೆಯ ಅರ್ಥವೂ ಅವುಗಳ ಒಳಗೆ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಮೊದಲಿನ ಕೃತಿ ತೆರೆದೇ ಬಿಟ್ಟ ಪ್ರಶ್ನೆಯೊಂದಕ್ಕೆ ಮುಂದಿನ ಕೃತಿ ಉತ್ತರ ಹೇಳಲು ಹೊರಡುತ್ತದೆ. ಹೇಳಿದ ಉತ್ತರ ಆ ಪ್ರಶ್ನೆಯನ್ನು ಬೆಳೆಸಬಹುದು, ಇಲ್ಲವೇ ಅದು ಹುಟ್ಟಲೇ ಇಲ್ಲವೆಂಬಂತೆ ಅಳಿಸಿಬಿಡಬಹುದು. ಎರಡನೆಯದು ನಡೆದಾಗ ಜನಪ್ರಿಯವಾದ ಮೂಲಕಥೆಯ ಅರ್ಥಕ್ಕೇ ಹಾನಿ ಒದಗುತ್ತದೆ.

ಈ ಹಾನಿ ಯಾವಾಗ ಒದಗುತ್ತದೆ, ಯಾವಾಗ ಒದಗುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಮಾನ್ಯಖೇಟದ ಪುರಾಣ ಪರಂಪರೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಇಂದು ಸೇಡಂ ತಾಲ್ಲೂಕಿಗೆ ಸೇರಿದ, ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಮುಂದುವರಿಸುವ ಕೆಲಸ ತಲೆಮಾರುಗಳ ಉದ್ದಕ್ಕೂ ನಡೆಯಿತು. ಆ ಪರಿಸರದಲ್ಲಿ ರೂಪುಗೊಂಡ ಬೃಹತ್ ಕೃತಿಯ ಒಂದು ಭಾಗಕ್ಕೆ ‘ಉತ್ತರಪುರಾಣ’ ಎಂದೇ ಹೆಸರು. ಕನ್ನಡ ಚಂಪೂಕವಿಗಳಲ್ಲಿ ಹಲವರು ಕಥೆ ಪಡೆದದ್ದು ಅಲ್ಲಿಂದಲೇ. ಆದ್ದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ತರಗತಿಯಲ್ಲಿ ಪಂಪನನ್ನೋ ಜನ್ನನನ್ನೋ ಪಾಠ ಹೇಳುವ ಅಧ್ಯಾಪಕರಿಗೆ ಈ ಪ್ರಶ್ನೆ ತಮ್ಮ ನೆಲದ ಪ್ರಶ್ನೆಯೂ ಹೌದು.

ಲೇಖನದ ಮುಖ್ಯ ಪ್ರತಿಪಾದನೆಯನ್ನು ಮೊದಲೇ ಹೇಳಬಹುದು. ಮುಂದೇನಾಯಿತು ಎಂದು ಹೇಳಿದ ಮಾತ್ರಕ್ಕೆ ಮೂಲಕಥೆ ಕೆಡುವುದಿಲ್ಲ. ಮೂಲದ ಪಾತ್ರಗಳು ತಮ್ಮ ನಡೆಗೆ ಒಂದು ಬೆಲೆ ತೆತ್ತಿರುತ್ತವೆ. ಕಥೆಯ ಕೊನೆ ನಿಂತಿರುವುದು ಆ ಬೆಲೆಯ ಮೇಲೆ. ತಾನೇನನ್ನೂ ತೆರದೆ ಆ ಬೆಲೆಯನ್ನು ಉತ್ತರಕಥೆ ಮನ್ನಾ ಮಾಡಿದಾಗ ಮೂಲದ ಅರ್ಥ ಕುಸಿಯುತ್ತದೆ.

2. ಮುಂದುವರಿಸುವವರ ಪರಂಪರೆ

ಜೈನಾಗಮ ಪರಂಪರೆಯ ‘ಕಸಾಯಪಾಹುಡ’ಕ್ಕೆ ‘ಜಯಧವಲಾ’ ಎಂಬ ವ್ಯಾಖ್ಯಾನವನ್ನು ಆರಂಭಿಸಿದವರು ವೀರಸೇನಾಚಾರ್ಯರು. ಸುಮಾರು 20,000 ಶ್ಲೋಕಗಳ ಪ್ರಮಾಣದಷ್ಟು ರಚನೆಯಾಗಿದ್ದಾಗ ಅವರು ತೀರಿಕೊಂಡರು. ಉಳಿದ ಸುಮಾರು 40,000 ಶ್ಲೋಕಗಳ ಪ್ರಮಾಣದ ಭಾಗವನ್ನು ಶಿಷ್ಯರಾದ ಜಿನಸೇನಾಚಾರ್ಯರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದರು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಮುಂದೆ ಜಿನಸೇನರು ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ‘ಮಹಾಪುರಾಣ’ವಾಗಿ ಹೇಳಲು ಸಂಕಲ್ಪಿಸಿದರು. 42 ಪರ್ವಗಳನ್ನೂ 43ನೆಯ ಪರ್ವದ 3 ಪದ್ಯಗಳನ್ನೂ ಬರೆಯುವಷ್ಟರಲ್ಲಿ ಅವರ ಆಯುಷ್ಯ ಮುಗಿಯಿತು. ಗುರುವಿನ ಕೆಲಸವನ್ನು ಪೂರ್ಣಗೊಳಿಸಿದ್ದ ಶಿಷ್ಯನ ಕೃತಿಯೂ ಇನ್ನೊಬ್ಬ ಶಿಷ್ಯನಿಗಾಗಿ ಕಾದು ನಿಂತಿತು.

ಆ ಶಿಷ್ಯರು ಗುಣಭದ್ರಾಚಾರ್ಯರು. ಅವರು ಆದಿಪುರಾಣವನ್ನು 47ನೆಯ ಪರ್ವದವರೆಗೆ ನಡೆಸಿ ಮುಗಿಸಿದರು. ಬಳಿಕ 48ರಿಂದ 76ನೆಯ ಪರ್ವದವರೆಗೆ ಉಳಿದ 23 ತೀರ್ಥಂಕರರ ಹಾಗೂ ಅವರ ಕಾಲದ ಚಕ್ರವರ್ತಿ, ಬಲದೇವ, ವಾಸುದೇವ, ಪ್ರತಿವಾಸುದೇವರ ಕಥೆಗಳನ್ನು ಉತ್ತರಪುರಾಣವಾಗಿ ರಚಿಸಿದರು. ಗುಣಭದ್ರರ ಶಿಷ್ಯ ಲೋಕಸೇನನ ಪ್ರಶಸ್ತಿ ಶಕ 820ರದು (ಕ್ರಿ.ಶ. 898). ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಲೋಕಾದಿತ್ಯನ ಬಂಕಾಪುರದಲ್ಲಿ ಈ ಪುರಾಣಕ್ಕೆ ಪೂಜೆ ಸಂದಿತು. ಹೀಗೆ ವೀರಸೇನರಿಂದ ಲೋಕಸೇನನವರೆಗೆ ನಾಲ್ಕು ತಲೆಮಾರುಗಳು ಒಬ್ಬರ ಕೈಯ ಕಂಠವನ್ನು ಇನ್ನೊಬ್ಬರು ಹಿಡಿದುಕೊಂಡು ಬಂದಿವೆ.

ಗುಣಭದ್ರರು ತಮ್ಮ ಭಾಗವನ್ನು ಕೈಗೆತ್ತಿಕೊಳ್ಳುವಾಗ ತೋರುವ ಮನೋಭಾವ ನಮ್ಮ ಚರ್ಚೆಗೆ ಮುಖ್ಯವಾದುದು. ಈ ಕಾವ್ಯವನ್ನು ಅವರು ಕಬ್ಬಿಗೆ ಹೋಲಿಸುತ್ತಾರೆ: ರಸವಿರುವುದು ಗುರು ರಚಿಸಿದ ಮೊದಲ ಭಾಗದಲ್ಲಿ, ತಮ್ಮ ಪಾಲಿಗೆ ಬಂದದ್ದು ತುದಿ. ಕವಿವಿನಯದ ಸಂಪ್ರದಾಯ ಇದೆಂದು ದಾಟಿ ಹೋಗಬಹುದು. ಆದರೆ ಇದರಲ್ಲಿ ಒಂದು ರಚನಾತತ್ತ್ವವೂ ಅಡಗಿದೆ. ಕಬ್ಬಿನ ತುದಿ ಬುಡದ ರಸವನ್ನು ಬದಲಿಸಲಾರದು. ಅದು ಮುಂದಿನ ಬೆಳೆಗೆ ಬಿತ್ತನೆಯ ತುಂಡಾಗಬಲ್ಲದು. ಉತ್ತರಪುರಾಣದ ಸಾಹಿತ್ಯಚರಿತ್ರೆ ಹೀಗೆಯೇ ಸಾಗಿದೆ. ಅದರಲ್ಲಿ ಸಂಗ್ರಹವಾಗಿ ಬಂದ ತೀರ್ಥಂಕರ ಚರಿತೆಗಳು ಕನ್ನಡದಲ್ಲಿ ಒಂದೊಂದಾಗಿ ಚಿಗುರಿದವು. ಪೊನ್ನನ ಶಾಂತಿಪುರಾಣ, ರನ್ನನ ಅಜಿತಪುರಾಣ (993), ನಾಗಚಂದ್ರನ ಮಲ್ಲಿನಾಥಪುರಾಣ, ಅಗ್ಗಳನ ಚಂದ್ರಪ್ರಭಪುರಾಣ (1189), ಜನ್ನನ ಅನಂತನಾಥಪುರಾಣ (1230)—ಇವೆಲ್ಲ ಆ ಹೊಲದ ಬೆಳೆಗಳು. ಚಾವುಂಡರಾಯನು 978ರಲ್ಲಿ ಇಡೀ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಸಂಗ್ರಹಿಸಿದನು. ಮಾನ್ಯಖೇಟದಲ್ಲಿದ್ದುಕೊಂಡೇ ಪುಷ್ಪದಂತನು 965ರಲ್ಲಿ ಅಪಭ್ರಂಶದ ಮಹಾಪುರಾಣವನ್ನು ಮುಗಿಸಿದನು. ಅವನದೂ ಆದಿಪುರಾಣ, ಉತ್ತರಪುರಾಣ ಎಂಬ ವಿಭಾಗವೇ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಊರು ಸೂರೆಯಾಯಿತು, ಪುರಾಣ ಉಳಿಯಿತು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮೂಲದ ನಾಯಕನನ್ನು ಅವನ ಕೊನೆಯಲ್ಲಿ ಬಿಟ್ಟು ಬೇರೆ ಬದುಕುಗಳತ್ತ ಹೊರಟ ಮುಂದುವರಿಕೆ ಮೂಲಕ್ಕೆ ಎರವಾಗಿಲ್ಲ. ತೊಡಕು ಹುಟ್ಟುವುದು ಅದೇ ನಾಯಕನ ಅದೇ ಕೊನೆಗೆ ಕೈ ಹಾಕಿದಾಗ.

3. ಭರತ-ಬಾಹುಬಲಿ: ಸೋಲಿನ ಬೆಲೆ

ಆದಿಪುರಾಣದ ಪರಂಪರೆಯಲ್ಲಿ ಕನ್ನಡಿಗರಿಗೆ ಅತ್ಯಂತ ಪ್ರಿಯವಾದ ಭಾಗ ಭರತ-ಬಾಹುಬಲಿಯರ ಪ್ರಸಂಗ. ಜಿನಸೇನರಲ್ಲೂ ಅವರನ್ನು ಅನುಸರಿಸಿದ ಪಂಪನಲ್ಲೂ (941) ಕಥೆಯ ಎಲುಬುಗೂಡು ಒಂದೇ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಭರತ ಸೋಲುತ್ತಾನೆ. ಸೋತ ಕೋಪದಲ್ಲಿ ಧರ್ಮಯುದ್ಧದ ಕಟ್ಟನ್ನು ಮುರಿದು ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಯನ್ನು ಕೊಲ್ಲದೆ ಬಲವಂದು ನಿಲ್ಲುತ್ತದೆ. ಗೆದ್ದವನು ಆ ಕ್ಷಣದಲ್ಲೇ ರಾಜ್ಯವನ್ನು ತೊರೆದು ತಪಸ್ಸಿಗೆ ಹೋಗುತ್ತಾನೆ.

ಇಲ್ಲಿ ಬೆಲೆ ತೆತ್ತವರು ಇಬ್ಬರು. ಬಾಹುಬಲಿ ತೆತ್ತದ್ದು ಗೆಲುವನ್ನು. ಭರತ ತೆತ್ತದ್ದು ಮಾನವನ್ನು. ಚಕ್ರ ಎಸೆದ ಕೈಯಲ್ಲೇ ಭರತ ಉಳಿದ ಭೂಮಿಯನ್ನು ಆಳಬೇಕು. ಬಾಹುಬಲಿಯ ವೈರಾಗ್ಯಕ್ಕೆ ಹೇತುವಾದದ್ದೂ ಅಣ್ಣನಂತಹವನನ್ನು ರಾಜ್ಯಲಕ್ಷ್ಮಿ ಈ ಸ್ಥಿತಿಗೆ ತಂದಳಲ್ಲ ಎಂಬ ಅರಿವು. ಚಕ್ರಪ್ರಯೋಗವನ್ನು ತೆಗೆದರೆ ತ್ಯಾಗಕ್ಕೆ ಕಾರಣವೇ ಉಳಿಯುವುದಿಲ್ಲ.

ಗುಣಭದ್ರರ ಕೈಗೆ ಬಂದ ಕೊನೆಯ ಪರ್ವಗಳಲ್ಲಿ ಭರತನ ಉತ್ತರಕಥೆ ಬರುತ್ತದೆ. ಕನ್ನಡಿಯಲ್ಲಿ ನರೆಗೂದಲನ್ನು ಕಂಡು ಭರತ ದೀಕ್ಷೆ ಪಡೆಯುತ್ತಾನೆ. ಪಡೆದ ಅಲ್ಪಕಾಲದಲ್ಲೇ ಕೇವಲಜ್ಞಾನಿಯಾಗುತ್ತಾನೆ. ಮೇಲುನೋಟಕ್ಕೆ ಇದು ಅನ್ಯಾಯವೆಂದು ತೋರುತ್ತದೆ. ಗೆದ್ದು ಬಿಟ್ಟವನು ಒಂದು ವರ್ಷ ಬಳ್ಳಿ ಹುತ್ತಗಳ ನಡುವೆ ನಿಲ್ಲಬೇಕಾಯಿತು; ಸೋತು ಆಳಿದವನಿಗೆ ಕೆಲವೇ ಗಳಿಗೆ ಸಾಕಾಯಿತು. ಹಾಗಾದರೆ ಈ ಉತ್ತರಕಥೆ ಬಾಹುಬಲಿಯ ವರ್ಷವನ್ನು ವ್ಯರ್ಥಗೊಳಿಸಿತೇ? ಇಲ್ಲವೆಂದು ಹೇಳಬೇಕಾಗುತ್ತದೆ. ಜಿನಸೇನರಲ್ಲಿ ಬಾಹುಬಲಿಯ ಮನಸ್ಸಿನ ಕೊನೆಯ ಮುಳ್ಳು ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಎಣಿಕೆ. ಭರತ ಬಂದು ಪೂಜಿಸಿದಾಗಲೇ ಅದು ಕಳಚುತ್ತದೆ. ತಮ್ಮನ ಬಿಡುಗಡೆ ಅಣ್ಣನ ಬಾಗಿದ ತಲೆಯನ್ನು ಅವಲಂಬಿಸಿದೆ. ಆ ದಿನ ಬಾಗಿದವನು ಬಹುಕಾಲ ಆಳಿ ಕನ್ನಡಿಯ ಮುಂದೆ ನಿಂತಾಗ ಅವನ ಹಿಂದೆ ಚಕ್ರ ಎಸೆದ ನೆನಪೂ ಇದೆ. ಗುಣಭದ್ರರು ಭರತನ ಅಪರಾಧವನ್ನು ಅಳಿಸಿಲ್ಲ. ಅದನ್ನು ಹೊತ್ತವನಿಗೂ ದಾರಿ ಉಂಟೆಂದು ತೋರಿಸಿದ್ದಾರೆ.

ಇದರೊಂದಿಗೆ ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ‘ಭರತೇಶವೈಭವ’ವನ್ನು ಇಟ್ಟು ನೋಡಬೇಕು. ಇದು ಉತ್ತರಕಥೆಯಲ್ಲ, ಪುನಾರಚನೆ. ಆದರೂ ಗುಣಭದ್ರರು ಕೊಟ್ಟ ಭರತನ ಕೊನೆಯನ್ನು ಆರಂಭದಿಂದಲೇ ಅವನ ಸ್ವಭಾವವಾಗಿಸಿಕೊಂಡು ಕಥೆಯನ್ನು ಹಿಂದಕ್ಕೆ ತಿದ್ದುತ್ತದೆ. ಕ್ಷಣದಲ್ಲಿ ಜ್ಞಾನ ಪಡೆದವನು ಭೋಗದಲ್ಲಿದ್ದಾಗಲೂ ಯೋಗಿಯೇ ಆಗಿದ್ದಿರಬೇಕು. ಯೋಗಿಯಾಗಿದ್ದವನು ತಮ್ಮನ ಮೇಲೆ ಚಕ್ರ ಎಸೆದಿರಲಾರ—ಕಾವ್ಯದ ಒಳತರ್ಕ ಇದು. ಆದ್ದರಿಂದ ಮೂರು ಯುದ್ಧಗಳು ಕಣದಲ್ಲಿ ನಡೆಯುವುದೇ ಇಲ್ಲ. ಭರತ ಮಾತಿನಿಂದಲೇ ಸೋಲನ್ನೊಪ್ಪಿ ತಮ್ಮನ ಮನಸ್ಸನ್ನು ಕರಗಿಸುತ್ತಾನೆ; ಚಕ್ರಕ್ಕೂ ಕೊಲ್ಲುವ ಆಜ್ಞೆ ಇಲ್ಲ.

ಭರತೇಶವೈಭವ ಸ್ವತಂತ್ರ ಕೃತಿಯಾಗಿ ದೊಡ್ಡದು; ಸಾಂಗತ್ಯದ ಬನಿಯನ್ನೂ ಗೃಹಸ್ಥಜೀವನದ ಸೊಗಸನ್ನೂ ಅದರಷ್ಟು ತುಂಬಿಕೊಂಡ ಕಾವ್ಯಗಳು ವಿರಳ. ಆದರೆ ಅದನ್ನು ಓದಿ ಪಂಪನಿಗೆ ಮರಳುವ ವಿದ್ಯಾರ್ಥಿಗೆ ಒಂದು ಅಪಾಯವಿದೆ. ಭರತ ಮೊದಲಿನಿಂದಲೂ ನಿರ್ದೋಷಿಯಾದರೆ ಬಾಹುಬಲಿ ತೊರೆದದ್ದು ಯಾವುದರಿಂದ ಬೇಸತ್ತು? ಅವನ ತ್ಯಾಗ ತನ್ನದೇ ಅಹಂಕಾರದ ಪಶ್ಚಾತ್ತಾಪವಾಗಿ ಕಿರಿದಾಗುತ್ತದೆ. ಅಧಿಕಾರ ಒಳ್ಳೆಯವನನ್ನೂ ಕೆಡಿಸುತ್ತದೆಂಬ ಪಂಪನ ಕಹಿಸತ್ಯ ಹಿಂದೆ ಸರಿಯುತ್ತದೆ. ಬೆಲೆ ಮನ್ನಾ ಆಯಿತು. ಅದಕ್ಕೆ ಬದಲಾಗಿ ಯಾರೂ ಏನನ್ನೂ ತೆರಲಿಲ್ಲ. ಮೂಲದ ಅರ್ಥಹಾನಿ ಎಂದು ಈ ಲೇಖನ ಹೇಳುವುದು ಇದನ್ನು.

4. ಸೀತೆ: ಅಗ್ನಿಸಾಕ್ಷ್ಯದ ಮುಂದೇನು?

ಉತ್ತರಕಥೆಯ ಸಮಸ್ಯೆ ರಾಮಕಥೆಯಲ್ಲಿ ಕಾಣುವಷ್ಟು ತೀವ್ರವಾಗಿ ಇನ್ನೆಲ್ಲಿಯೂ ಕಾಣದು. ವಾಲ್ಮೀಕಿ ರಾಮಾಯಣದ ಯುದ್ಧಕಾಂಡ ಪಟ್ಟಾಭಿಷೇಕ, ಫಲಶ್ರುತಿಗಳೊಡನೆ ಮುಗಿಯುತ್ತದೆ. ಉತ್ತರಕಾಂಡ ನಂತರದ ಸೇರ್ಪಡೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಲಂಕೆಯಲ್ಲಿ ಸೀತೆ ಬೆಂಕಿಯನ್ನು ಹೊಕ್ಕು ಹೊರಬಂದಾಗ ಅಗ್ನಿಯೇ ಅವಳ ಪರವಾಗಿ ಸಾಕ್ಷಿ ನುಡಿದಿದ್ದಾನೆ. ಆ ಮೇಲೂ ಪುರಜನರ ಆಡುಮಾತಿಗೆ ಅವಳನ್ನು ಕಾಡಿಗೆ ಕಳಿಸಬಹುದಾದರೆ ಅಗ್ನಿಯ ಸಾಕ್ಷ್ಯಕ್ಕೆ ಏನು ಬೆಲೆ ಉಳಿಯಿತು? ಮೂಲದ ಅತ್ಯಂತ ಕಠೋರವಾದ ದೃಶ್ಯವನ್ನು ಉತ್ತರಕಾಂಡ ನಿರರ್ಥಕಗೊಳಿಸುತ್ತದೆ.

ಆದರೆ ಉತ್ತರಕಾಂಡವನ್ನು ಇಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಲ್ಲ. ಅದು ಅಗ್ನಿಸಾಕ್ಷ್ಯವನ್ನು ರದ್ದುಗೊಳಿಸಿದರೂ ಅದಕ್ಕಾಗಿ ತಾನೂ ದಂಡ ತೆರುತ್ತದೆ. ಇನ್ನೊಮ್ಮೆ ಪ್ರಮಾಣ ಮಾಡಬೇಕಾಗಿ ಬಂದಾಗ ಸೀತೆ ಭೂಮಿಯನ್ನು ಸೇರುತ್ತಾಳೆ. ರಾಮನಿಗೆ ಅವಳು ಮತ್ತೆ ಸಿಗುವುದಿಲ್ಲ. ರಾಜಧರ್ಮದ ಕ್ರೌರ್ಯವನ್ನು ಅಷ್ಟು ನಿಷ್ಠುರವಾಗಿ ತೋರಿಸಿದ ಭಾಗ ಮೂಲದಲ್ಲಿಯೂ ಇಲ್ಲ. ಹೆಣ್ಣಿನ ಕಣ್ಣಿನಿಂದ ರಾಮಕಥೆಯನ್ನು ಹಾಡಿದ ನಮ್ಮ ಜನಪದಕ್ಕೆ ಹೆಚ್ಚಿನ ವಸ್ತು ಒದಗಿದ್ದೂ ಇಲ್ಲಿಂದಲೇ. ಮೂಲವನ್ನು ಕೆಡಿಸಿದರೂ ತನ್ನದೊಂದು ಸತ್ಯವನ್ನು ಗಳಿಸಿಕೊಂಡ ಉತ್ತರಕಥೆ ಇದು. ಹಾನಿ ಮತ್ತು ಗಳಿಕೆ ಎರಡನ್ನೂ ಒಟ್ಟಿಗೆ ತೂಗಬೇಕು.

ಕನ್ನಡ ಮತ್ತು ಕನ್ನಡಕ್ಕೆ ಆಕರವಾದ ಪರಂಪರೆಗಳು ಈ ಇಕ್ಕಟ್ಟಿಗೆ ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಂಡಿವೆ. ವಿಮಲಸೂರಿ-ರವಿಷೇಣರ ಜೈನ ಪರಂಪರೆಯಲ್ಲಿ ಘಟನೆಗಳ ಅನುಕ್ರಮವೇ ಬೇರೆ. ಲಂಕೆಯಲ್ಲಿ ಅಗ್ನಿಪರೀಕ್ಷೆ ಇಲ್ಲ, ಮೊದಲು ಪರಿತ್ಯಾಗ, ಮಕ್ಕಳ ಜನನ, ತಂದೆ-ಮಕ್ಕಳ ಯುದ್ಧ, ಆಮೇಲೆ ಅಗ್ನಿಪರೀಕ್ಷೆ. ಶುದ್ಧಳೆಂದು ತೋರಿದ ಮೇಲೆ ರಾಮ ಕರೆದರೂ ಸೀತೆ ಮರಳದೆ ದೀಕ್ಷೆ ಪಡೆಯುತ್ತಾಳೆ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಈ ಪರಂಪರೆಗೆ ಸೇರಿದ್ದು. ಅನುಕ್ರಮದ ಈ ಬದಲಾವಣೆ ಸಣ್ಣದಲ್ಲ. ಬೆಂಕಿಯ ಮಾತಿನ ನಂತರ ಯಾರ ಆಡುಮಾತಿಗೂ ಇಲ್ಲಿ ಅವಕಾಶವಿಲ್ಲ. ಕೊನೆಯ ಮಾತು ಸೀತೆಯದು.

ಮಾನ್ಯಖೇಟದ ಪರಂಪರೆಯ ರಾಮಕಥೆ ಇದಕ್ಕಿಂತಲೂ ಭಿನ್ನ. ಗುಣಭದ್ರರ ಉತ್ತರಪುರಾಣದಲ್ಲಿ ಸೀತಾಪರಿತ್ಯಾಗದ ಪ್ರಸಂಗವೇ ಇಲ್ಲ. ಲಕ್ಷ್ಮಣ ರೋಗದಿಂದ ಸಾಯುತ್ತಾನೆ, ರಾಮ ವಿರಕ್ತನಾಗುತ್ತಾನೆ, ಸೀತೆಯೂ ದೀಕ್ಷೆ ವಹಿಸುತ್ತಾಳೆ. ಹೆಸರಿನಲ್ಲಿಯೇ ‘ಉತ್ತರ’ವನ್ನು ಹೊತ್ತ ಪುರಾಣದಲ್ಲಿ ಉತ್ತರಕಾಂಡದ ಮುಖ್ಯ ಘಟನೆ ಇಲ್ಲದಿರುವುದು ಗಮನಾರ್ಹ. ಆದರೆ ಗುಣಭದ್ರರು ಕಥೆಯ ಇನ್ನೊಂದು ತುದಿಯಲ್ಲಿ, ಎಂದರೆ ಪೂರ್ವದಲ್ಲಿ, ದೊಡ್ಡ ಬದಲಾವಣೆ ಮಾಡುತ್ತಾರೆ. ಇಲ್ಲಿ ಸೀತೆ ರಾವಣ-ಮಂಡೋದರಿಯರ ಮಗಳು. ರಾವಣನಿಂದ ತಪಸ್ಸು ಕೆಟ್ಟ ಮಣಿಮತಿ ಎಂಬವಳು ಅವನ ಮಗಳಾಗಿ ಹುಟ್ಟಿ ಅವನ ಸಾವಿಗೆ ಕಾರಣಳಾಗಬೇಕೆಂದು ನಿದಾನ ಮಾಡಿಕೊಂಡಿರುತ್ತಾಳೆ. ಈ ಪೂರ್ವಕಥೆಯಿಂದ ರಾವಣನ ಮೋಹ ಅವನಿಗೇ ತಿಳಿಯದ ಘೋರವಾಗುತ್ತದೆ. ಜೊತೆಗೆ ಅವನು ಹಿಂದೆ ಮಾಡಿದ ತಪ್ಪೇ ಅವನನ್ನು ಹುಡುಕಿಕೊಂಡು ಬಂದಂತಾಗುತ್ತದೆ. ಕಥೆಯ ಅರ್ಥವನ್ನು ಹಿಂದಿನಿಂದಲೂ ಬದಲಿಸಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಚಾವುಂಡರಾಯಪುರಾಣ ಈ ರಾಮಕಥೆಯನ್ನೇ ಕನ್ನಡಕ್ಕೆ ತಂದಿದೆ.

ವೈದಿಕ ಪರಂಪರೆಯ ಕನ್ನಡ ಕವಿಗಳಲ್ಲಿ ತೊರವೆಯ ನರಹರಿ ಕಥೆಯನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸಿದನು. ಸೀತಾಪರಿತ್ಯಾಗ ಮನೆಮಾತಾದದ್ದರಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಪಾಲು ದೊಡ್ಡದು. ಆಧುನಿಕ ಕಾಲದಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಾಡಿದ ಬದಲಾವಣೆ ಪ್ರಸಿದ್ಧವಾಗಿದೆ: ಸೀತೆಯೊಡನೆ ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಇದನ್ನು ಸ್ತ್ರೀಸಮಾನತೆಯ ನೆಲೆಯಿಂದ ಓದುವುದು ರೂಢಿ. ಆ ಓದು ಸರಿಯೇ. ಪ್ರಸ್ತುತ ಚರ್ಚೆಯ ನೆಲೆಯಿಂದ ಅದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಇಬ್ಬರೂ ಬೆಂಕಿ ಹಾಯ್ದು ಬಂದ ಮೇಲೆ ಒಬ್ಬರು ಇನ್ನೊಬ್ಬರನ್ನು ಶಂಕಿಸುವುದಕ್ಕೆ ನೆಲೆಯೇ ಉಳಿಯುವುದಿಲ್ಲ. ಉತ್ತರಕಾಂಡ ಬರಲಾಗದಂತೆ ಕುವೆಂಪು ಮೂಲದ ಬಾಗಿಲನ್ನೇ ಒಳಗಿನಿಂದ ಭದ್ರಪಡಿಸಿದ್ದಾರೆ.

5. ನಿಲ್ಲಿಸಿದ ಕಡೆಯ ಅರ್ಥ

ಮುಂದುವರಿಸುವುದರಲ್ಲಿ ಅರ್ಥವಿರುವಂತೆ ನಿಲ್ಲಿಸುವುದರಲ್ಲಿಯೂ ಅರ್ಥವಿದೆ. ಪಂಪನ ‘ವಿಕ್ರಮಾರ್ಜುನವಿಜಯ’ ಅರ್ಜುನ-ಸುಭದ್ರೆಯರ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ; ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದ ಕವಿಗೆ ಮಹಾಪ್ರಸ್ಥಾನದ ದಾರಿಯಲ್ಲಿ ಬಿದ್ದ ಅರ್ಜುನ ಬೇಕಿಲ್ಲ. ಕುಮಾರವ್ಯಾಸನ ಭಾರತ ಹತ್ತು ಪರ್ವಗಳದು, ಗದಾಪರ್ವಕ್ಕೆ ಮುಗಿಯುತ್ತದೆ. ತಾನು ಹೇಳುವುದು ಕೃಷ್ಣನ ಕಥೆ ಎಂದು ಕವಿಯೇ ಸಾರಿದ್ದಾನೆ. ಕೃಷ್ಣನ ಕಾರ್ಯ ಮುಗಿದ ಕಡೆಗೆ ಕಾವ್ಯ ನಿಲ್ಲುತ್ತದೆ. ಮೌಸಲಪರ್ವದ ಯಾದವರ ನಾಶ, ಬೇಡನ ಬಾಣಕ್ಕೆ ಕೃಷ್ಣನ ಅವಸಾನ ಓದುಗನ ಕಣ್ಣಿಗೆ ಬೀಳುವುದಿಲ್ಲ.

ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ‘ಕೃಷ್ಣರಾಯ ಭಾರತ’ವಾಗಿ ರಚಿಸಿದನು. ಅದೇ ಭಾಮಿನಿ ಷಟ್ಪದಿ, ಅದೇ ಕಥೆಯ ಮುಂದುವರಿಕೆ. ಆದರೆ ಗಮಕಿಗಳ ಕಂಠದಲ್ಲೂ ಕೇಳುಗರ ನೆನಪಿನಲ್ಲೂ ನೆಲೆಗೊಂಡದ್ದು ಮೊದಲ ಹತ್ತು ಪರ್ವಗಳು. ತಿಮ್ಮಣ್ಣನ ಕವಿತ್ವದ ಮಿತಿ ಇದಕ್ಕೆ ಒಂದು ಕಾರಣವಿರಬಹುದು. ಕುಮಾರವ್ಯಾಸ ನಿಲ್ಲಿಸಿದ ಕಡೆಯನ್ನೇ ಕೊನೆಯೆಂದು ಜನ ಒಪ್ಪಿಕೊಂಡದ್ದು ಅದಕ್ಕಿಂತ ದೊಡ್ಡ ಕಾರಣ. ಕಲಬುರಗಿ ಸೀಮೆಯಲ್ಲಿ ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ರೂಢಿ ಇದೆ. ಹಚ್ಚಿದ ಪುರಾಣಕ್ಕೆ ಮಂಗಲ ಮಾಡುವ ದಿನವೂ ಇದೆ. ಮಂಗಲವಾದ ಮೇಲೆ ಗ್ರಂಥವನ್ನು ಕಟ್ಟಿ ಇಡುತ್ತಾರೆ. ಕಥೆಗೆ ಕೊನೆ ಎಂಬುದು ಕವಿ ಮತ್ತು ಕೇಳುಗರ ನಡುವಿನ ಒಪ್ಪಂದ. ಉತ್ತರಕಥೆ ಆ ಕಟ್ಟನ್ನು ಮತ್ತೆ ಬಿಚ್ಚಲು ಕೇಳುಗರ ಅನುಮತಿ ಬೇಡುತ್ತದೆ.

6. ಭವಾವಳಿ: ಕಥೆಯೊಳಗಿನ ಉತ್ತರಕಥೆ

ಇದುವರೆಗಿನ ನಿದರ್ಶನಗಳಲ್ಲಿ ಉತ್ತರಕಥೆ ಹೊರಗಿನಿಂದ ಬಂದು ಸೇರಿದ್ದು. ಜೈನಪುರಾಣಗಳಲ್ಲಿ ಅದು ಕಥೆಯ ಒಳರಚನೆಯಲ್ಲೇ ಇರುತ್ತದೆ. ಒಂದು ಭವದ ಕಥೆಗೆ ಮುಂದಿನ ಭವವೇ ಉತ್ತರಕಥೆ. ಜನ್ನನ ಅನಂತನಾಥಪುರಾಣದ ಚಂಡಶಾಸನ-ಸುನಂದೆ-ವಸುಷೇಣರ ವೃತ್ತಾಂತ ಇದಕ್ಕೆ ತಕ್ಕ ಉದಾಹರಣೆ. ಗುಣಭದ್ರರಲ್ಲಿ ಇದು ಚಿಕ್ಕ ಪ್ರಸಂಗ: ಗೆಳೆಯನ ಹೆಂಡತಿಯನ್ನು ಚಂಡಶಾಸನ ಅಪಹರಿಸುತ್ತಾನೆ, ನೊಂದ ಗಂಡ ದೀಕ್ಷೆ ಪಡೆದು ನಿದಾನ ಮಾಡಿಕೊಳ್ಳುತ್ತಾನೆ, ಮುಂದೆ ಇಬ್ಬರೂ ವಾಸುದೇವ-ಪ್ರತಿವಾಸುದೇವರಾಗಿ ಹುಟ್ಟಿ ಹಗೆ ತೀರುತ್ತದೆ. ಜನ್ನ ಈ ಬೀಜವನ್ನು ದುರಂತವಾಗಿ ಬೆಳೆಸುತ್ತಾನೆ. ಗಂಡನದೆಂದು ತೋರಿಸಿದ ಹುಸಿತಲೆಯನ್ನು ಕಂಡು ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳೊಡನೆ ಚಿತೆಯೇರುತ್ತಾನೆ.

ಹೀಗೆ ಉರಿದುಹೋದ ಪ್ರೇಮಕ್ಕೆ ಮುಂದಿನ ಭವದಲ್ಲಿ ಪ್ರತೀಕಾರ ಜೋಡಿಸಿದಾಗ ದುರಂತದ ತೂಕ ಇಳಿಯುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಇಳಿಯುತ್ತದೆ. ಚಿತೆಯೇರ ಹೊರಟವನನ್ನು ಕಂಡು ಮರುಗಿದ ಓದುಗನಿಗೆ ಅವನು ಮತ್ತೆ ಪ್ರತಿನಾಯಕನಾಗಿ ಹುಟ್ಟಿ ಹತನಾಗುವುದು ಲೆಕ್ಕ ತೀರಿಸಿದಂತೆ ಕಾಣುತ್ತದೆ. ನಮ್ಮ ಪಠ್ಯಪುಸ್ತಕಗಳು ಈ ಪ್ರಸಂಗವನ್ನು ಪುರಾಣದಿಂದ ಬಿಡಿಸಿ ಸ್ವತಂತ್ರ ಖಂಡವಾಗಿ ಓದಿಸುವುದಕ್ಕೆ ಇದೂ ಒಂದು ಕಾರಣ.

ಆದರೆ ಕತ್ತರಿಸುವುದರಿಂದಲೂ ಹಾನಿಯುಂಟು. ‘ಯಶೋಧರಚರಿತೆ’ಯನ್ನು (1209) ಗಮನಿಸಬೇಕು. ಅಮೃತಮತಿ ಅಷ್ಟಾವಂಕನಿಗೆ ಮನಸೋತ ಭಾಗವನ್ನು ಎಲ್ಲರೂ ಬಲ್ಲರು; ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ-ಮಗ ನವಿಲು, ನಾಯಿ ಮೊದಲಾಗಿ ಭವ ಭವ ಅಲೆಯುವ ಭಾಗವನ್ನು ಬೇಗ ದಾಟಿ ಹೋಗುತ್ತೇವೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ಈ ಕಥೆಯನ್ನು ಒಂದೇ ಭವದೊಳಗೆ ನಿಲ್ಲಿಸಿ ಹಿಂಸೆಯ ಪ್ರಶ್ನೆಯನ್ನು ದಾಂಪತ್ಯದೊಳಗೆ ತಂದಿತು. ನಾಟಕಕಾರರ ಆಯ್ಕೆಯಾಗಿ ಅದು ಸಮರ್ಥವಾದುದೇ. ಮೂಲವನ್ನು ಓದುವಾಗ ಮಾತ್ರ ಒಂದು ಸಂಗತಿ ಮರೆಯಬಾರದು. ಜನ್ನನಲ್ಲಿ ಈ ಕಥೆಯನ್ನು ಹೇಳುವವನು ಬಲಿಪೀಠದ ಮುಂದೆ ನಿಂತ ಅಭಯರುಚಿ. ಅವನೇ ಹಿಂದಿನ ಯಶೋಧರ. ಅನುಭವಿಸಿದ ಭವಗಳ ಕೊನೆಯಲ್ಲಿ ನಿಂತು ಅವನು ಮಾರಿದತ್ತನ ಕತ್ತಿಯನ್ನು ಮಾತಿನಿಂದ ತಡೆಯುತ್ತಾನೆ. ಉತ್ತರಕಥೆಯನ್ನು ತೆಗೆದರೆ ಕಥೆ ಹೇಳುವ ನಾಲಗೆಯೇ ಇಲ್ಲವಾಗುತ್ತದೆ. ಸಂಕಲ್ಪಹಿಂಸೆಗೆ ತೆತ್ತ ಬೆಲೆ ಇಲ್ಲಿ ಇರುವುದೇ ಉತ್ತರಭಾಗದಲ್ಲಿ. ಬೆಲೆ ಎಲ್ಲಿದೆ ಎಂಬುದನ್ನು ನೋಡದೆ ‘ಮೂಲ ಮುಖ್ಯ, ಮುಂದಿನದು ಅಡಕ’ ಎಂದು ವಿಭಾಗಿಸುವುದು ತಪ್ಪಾಗುತ್ತದೆ.

7. ಮೂಲವನ್ನು ಪೀಠವಾಗಿಸುವುದು

ಜಿನಸೇನರೇ ಕೈಗೊಂಡ ಇನ್ನೊಂದು ಸಾಹಸವನ್ನು ಇಲ್ಲಿ ನೆನೆಯಬೇಕು. ಅವರ ‘ಪಾರ್ಶ್ವಾಭ್ಯುದಯ’ 4 ಸರ್ಗಗಳ, 364 ಪದ್ಯಗಳ ಸಂಸ್ಕೃತ ಕಾವ್ಯ. ಪ್ರತಿ ಪದ್ಯದಲ್ಲೂ ಕಾಳಿದಾಸನ ‘ಮೇಘದೂತ’ದ ಒಂದೋ ಎರಡೋ ಪಾದಗಳನ್ನು ಇಟ್ಟುಕೊಂಡು ಉಳಿದವನ್ನು ತಾವು ತುಂಬಿ, ಮೇಘದೂತವನ್ನು ಇಡಿಯಾಗಿ ಒಳಗೊಂಡಿದ್ದಾರೆ. ಕಾಳಿದಾಸನಲ್ಲಿ ವಿರಹಿ ಯಕ್ಷನ ಅಳಲಾಗಿದ್ದ ಮಾತುಗಳು ಇಲ್ಲಿ ಪಾರ್ಶ್ವನಾಥರ ತಪಸ್ಸನ್ನು ಕೆಡಿಸಲು ಬಂದ ಶಂಬರನ ಬಾಯಲ್ಲಿ ಬರುತ್ತವೆ. ಒಂದಕ್ಷರ ಬದಲಾಗದೆ ಅರ್ಥ ಪೂರ್ತಿ ಬದಲಾಗಿದೆ. ಆದರೂ ಇದರಿಂದ ಮೇಘದೂತಕ್ಕೆ ಹಾನಿಯಾಗಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಪ್ರಚಲಿತವಿದ್ದ ಮೇಘದೂತದ ಪಾಠ ಯಾವುದೆಂಬುದಕ್ಕೆ ಪಾರ್ಶ್ವಾಭ್ಯುದಯವೇ ಸಾಕ್ಷಿಯಾಯಿತು. ಕೆ. ಬಿ. ಪಾಠಕರು 1894ರಲ್ಲಿ ಇದರ ಆಧಾರದಿಂದ ಮೇಘದೂತವನ್ನು ಸಂಪಾದಿಸಿದರು. ನಂತರ ಬಂದದ್ದು ಮೂಲವನ್ನು ಬಳಸಿಕೊಂಡೂ ಕಾಪಾಡಿತು.

ಇದಕ್ಕೆ ಹೋಲುವ ದೃಶ್ಯವೊಂದು ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಕಲ್ಲಿನಲ್ಲೇ ಇದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿ ಕುಸಿದ ಮೇಲೆ, 1980ರ ದಶಕದ ಕೊನೆಯಲ್ಲಿ, ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಬಂಡೆಯ ಮೇಲೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಮೂರ್ತಿಯನ್ನು ನಿಲ್ಲಿಸಲು ಬಂಡೆಯ ನಡುವೆ ಕೊರೆದ ಕುಳಿಯಿಂದ ಕೆಲವು ಅಕ್ಷರಗಳು ಹೋಗಿವೆ. ಆದರೆ ಶಹಾಬಾದ, ವಾಡಿ, ಸೇಡಂ ಪರಿಸರದಲ್ಲಿ ನೆಲಹಾಸಿಗೂ ಸಿಮೆಂಟಿಗೂ ಕಲ್ಲು ಹೋಗುವ ಈ ಸೀಮೆಯಲ್ಲಿ ಆ ಬಂಡೆ ಉಳಿದದ್ದಕ್ಕೆ ಅದು ಪೂಜೆಯ ಪೀಠವಾಗಿದ್ದುದೂ ಒಂದು ಕಾರಣವೆನ್ನಬಹುದು. ಉತ್ತರಕಾಲ ಮೂಲವನ್ನು ಕೊರೆಯುತ್ತದೆ, ಹೊರುತ್ತದೆ. ಉಳಿದ ಅಕ್ಷರಗಳನ್ನು ಓದುವುದರ ಜೊತೆಗೆ ಕುಳಿ ಎಲ್ಲಿದೆ ಎಂದು ಗುರುತಿಸುವುದೂ ಸಂಶೋಧಕನ ಕೆಲಸ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಉತ್ತರಕಥೆಗಳನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಮೂಲದ ಪಾತ್ರ ಯಾವುದಕ್ಕೆ ಏನು ಬೆಲೆ ತೆತ್ತಿತು? ಉತ್ತರಕಥೆ ಆ ಬೆಲೆಯನ್ನು ಉಳಿಸಿಕೊಂಡಿದೆಯೇ, ಮನ್ನಾ ಮಾಡಿದೆಯೇ? ಮನ್ನಾ ಮಾಡಿದ್ದರೆ ಅದಕ್ಕೆ ಬದಲಾಗಿ ತಾನೇನು ತೆತ್ತಿದೆ? ಗುಣಭದ್ರರ ಭರತ ಮೊದಲ ಪರೀಕ್ಷೆಯಲ್ಲೇ ಉತ್ತೀರ್ಣನಾಗುತ್ತಾನೆ. ಉತ್ತರಕಾಂಡ ಮೂಲವನ್ನು ಘಾಸಿಗೊಳಿಸಿದರೂ ಮೂರನೆಯ ಪ್ರಶ್ನೆಗೆ ಸೀತೆಯ ಭೂಪ್ರವೇಶದ ಮೂಲಕ ಉತ್ತರ ಕೊಡುತ್ತದೆ. ರತ್ನಾಕರನ ಭರತನಿಗೆ ಮಾತ್ರ ಪಂಪನ ಭರತನ ಸ್ಥಾನವನ್ನು ತುಂಬಲಾಗುವುದಿಲ್ಲ. ಅವನನ್ನು ಬೇರೆಯೇ ಕಾವ್ಯದ ನಾಯಕನೆಂದು ಓದುವುದು ಇಬ್ಬರಿಗೂ ಕ್ಷೇಮ.

ಎಷ್ಟು ಉತ್ತರಕಥೆಗಳು ಬಂದರೂ ಮೂಲಕೃತಿ ಕಪಾಟಿನಲ್ಲಿ ಹಾಗೆಯೇ ಇರುತ್ತದಲ್ಲ ಎಂಬ ಆಕ್ಷೇಪವನ್ನು ಎತ್ತಬಹುದು. ಕಪಾಟಿನಲ್ಲಿ ಇರುತ್ತದೆ, ಆದರೆ ಓದುಗನ ನೆನಪಿನಲ್ಲಿ ಎರಡೂ ಒಂದೇ ಕಟ್ಟಿನಲ್ಲಿರುತ್ತವೆ. ಬಾಹುಬಲಿಯ ಕಥೆಯನ್ನು ಇಂದಿನ ವಿದ್ಯಾರ್ಥಿ ಮೊದಲು ಕೇಳುವುದು ಪಂಪನಿಂದಲ್ಲ. ಕಥಾಸಂಗ್ರಹ, ಪ್ರವಚನ, ದೃಶ್ಯಮಾಧ್ಯಮಗಳಿಂದ. ಅಲ್ಲಿ ಎಲ್ಲ ಭರತರೂ ಕಲೆತು ಒಬ್ಬನೇ ಸೌಮ್ಯ ಭರತನಾಗಿರುತ್ತಾನೆ. ಮಳಖೇಡಕ್ಕೆ ಹತ್ತಿರವಿರುವ ಊರುಗಳ ತರಗತಿಯಲ್ಲಾದರೂ ಅಧ್ಯಾಪಕರು ಆ ಕಟ್ಟನ್ನು ಬಿಚ್ಚಿ, ಇದು ಜಿನಸೇನರದು, ಇದು ಗುಣಭದ್ರರದು, ಇದು ಪಂಪನದು, ಇದು ರತ್ನಾಕರನದು ಎಂದು ಗರಿಗಳನ್ನು ಬೇರೆ ಬೇರೆ ಇಟ್ಟು ತೋರಿಸಬೇಕಾಗಿದೆ. ಚಕ್ರವನ್ನು ಎಸೆದ ಭರತನನ್ನು ವಿದ್ಯಾರ್ಥಿ ಒಮ್ಮೆ ನೇರವಾಗಿ ನೋಡಬೇಕು. ಅವನನ್ನು ಕ್ಷಮಿಸುವ ಕವಿಗಳನ್ನು ಆಮೇಲೆ ಓದಬಹುದು.